ದಿನದ ಮದ್ದನ್ನು ಆಪತ್ತಿಗೆ ಎತ್ತಿಡುವ ನಾವು

‘ಪಂಪ್ ಹಿಡಿದರೆಂದರೆ ಅವರ ಕಥೆ ಮುಗಿಯಿತು.’ ದಮ್ಮಿನ ಕಾಯಿಲೆಯವರ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಬಹಳ ಸಲೀಸಾಗಿ ಹೊರಡುವ ಮಾತಿದು. ಚಳ್ಳಕೆರೆಯಿಂದ ಬಳ್ಳಾರಿಯತ್ತ ಹೋಗುವ ದಾರಿಯಲ್ಲಿರುವ ತಳಕು ಇದಕ್ಕೆ ಹೊರತಾಗಿರಲಾರದು. ಟಿ.ಎಸ್. ವೆಂಕಣ್ಣಯ್ಯ, ತ.ರಾ.ಸು. ಅವರ ಮನೆತನದ ಊರೆಂದು ಕನ್ನಡಿಗರು ಹೆಮ್ಮೆಯಿಂದ ನೆನೆಯುವ ಈ ಊರಿನ ಅಡುಗೆಮನೆಗಳ ಹೊಗೆಯ ಬಗ್ಗೆ, ಅಲ್ಲಿ ಕೆಮ್ಮುವ ಅಜ್ಜಿಯರ ಬಗ್ಗೆ ಮಾತನಾಡುವವರು ಕಡಿಮೆ.

ಮಳೆ ಕಡಿಮೆಯಿರುವ ಈ ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿಯೇ ಬಡವರ ಸೌದೆ. ಸಗಣಿ ಬೆರಣಿ, ಶೇಂಗಾ ಸಿಪ್ಪೆ ಅದರ ಜೊತೆಗಾರರು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಗ್ಯಾಸ್ ಹಲವು ಮನೆಗಳನ್ನು ಹೊಕ್ಕಿದೆ, ನಿಜ. ಆದರೆ ಸಿಲಿಂಡರ್ ಖಾಲಿಯಾದರೆ ಒಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಮೈಸೂರಿನ ಗ್ರಾಮೀಣ ಮಹಿಳೆಯರ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಕೂತರು ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿ ನೋಡಿತು. ಆ ಲೆಕ್ಕ 60 ಮುಟ್ಟಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಹೆಚ್ಚುತ್ತದೆಂದು ಕಂಡಿತು. ಅಂದರೆ ದಿನಕ್ಕೆ 3 ಗಂಟೆಯಂತೆ 20 ವರ್ಷ. 16ಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳು 36ಕ್ಕೇ ಆ ಗಡಿ ತಲುಪುತ್ತಾಳೆ. ಬೀಡಿಯನ್ನು ಒಮ್ಮೆಯೂ ಮುಟ್ಟದ ಅವಳಿಗೆ ದಮ್ಮು ಬಂದರೆ ನಾವು ‘ಶೀತ’ ಎನ್ನುತ್ತೇವೆ, ‘ವಯಸ್ಸು’ ಎನ್ನುತ್ತೇವೆ. ವೈದ್ಯರು ಅದನ್ನು ಸಿಒಪಿಡಿ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಇದರಿಂದ ಸತ್ತರು.

ಇದಕ್ಕೆ ವೈದ್ಯರು ಬರೆಯುವ ಮುಖ್ಯ ಮದ್ದು ಎರಡು ಔಷಧಿಗಳನ್ನು ಕೂಡಿಸಿದ ಇನ್‌ಹೇಲರ್. ಶ್ವಾಸನಾಳವನ್ನು ದೀರ್ಘಕಾಲ ಅಗಲವಾಗಿಡುವ ಎರಡು ಬಗೆಯ ಔಷಧಿಗಳು ಸೇರಿರಬಹುದು. ಅಥವಾ ಫಾರ್ಮೊಟೆರಾಲ್, ಸಾಲ್ಮೆಟೆರಾಲ್‌ನಂಥ ಒಂದರ ಜೊತೆ ಬುಡೆಸೊನೈಡ್, ಫ್ಲುಟಿಕಾಸೋನ್‌ನಂಥ ಸ್ಟೀರಾಯ್ಡ್ ಇರಬಹುದು. ಸಿಒಪಿಡಿಯಲ್ಲಿ ಇದು ಉಸಿರುಕಟ್ಟಿದಾಗ ಸೇದುವ ಮದ್ದಲ್ಲ. ಉಸಿರು ಕಟ್ಟದಿರಲೆಂದು, ಚೆನ್ನಾಗಿರುವ ದಿನವೂ ತಪ್ಪದೆ ಸೇದುವ ಮದ್ದು. ತುರ್ತಿಗೆ ಸಾಲ್ಬುಟಮಾಲ್‌ನಂಥ ಬೇರೆ ಪಂಪ್ ಇರುತ್ತದೆ. ನಮ್ಮ ಮನೆಗಳಲ್ಲಿ ಆಗುವುದೇನು? ‘ಈಗ ಆರಾಮಾಗಿದೆ’ ಎಂದು ದಿನದ ಮದ್ದನ್ನು ಟ್ರಂಕಿನಲ್ಲಿ ಎತ್ತಿಡುತ್ತೇವೆ. ರಾತ್ರಿ ಏದುಸಿರು ಬಂದಾಗ ಅದನ್ನೇ ಹುಡುಕಿ ನಾಲ್ಕು ಸಲ ಎಳೆದು, ‘ಇದು ಕೆಲಸ ಮಾಡುವುದಿಲ್ಲ’ ಎಂದು ತೀರ್ಪು ಕೊಡುತ್ತೇವೆ. ಯಂತ್ರದಲ್ಲಿಟ್ಟು ಸೇದಬೇಕಾದ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗುವವರೂ ಇದ್ದಾರೆ. ತಪ್ಪು ಅವರದಲ್ಲ, ತೋರಿಸಿಕೊಡದವರದು.

‘ಅದರಲ್ಲಿ ಸ್ಟೀರಾಯ್ಡ್ ಇದೆ, ಚಟವಾಗುತ್ತದೆ’ ಎಂಬುದು ಇನ್ನೊಂದು ತಕರಾರು. ಹೀಗೆನ್ನುವವರೇ ದಮ್ಮು ಹೆಚ್ಚಾದಾಗ ಯಾರೋ ಕೊಟ್ಟ ಹೆಸರಿಲ್ಲದ ಮಾತ್ರೆ, ಸೂಜಿಗೆ ತೋಳು ಚಾಚುತ್ತಾರೆ. ಅದರಲ್ಲಿರಬಹುದಾದ ಸ್ಟೀರಾಯ್ಡ್ ಇಡೀ ಮೈಯನ್ನು ಸುತ್ತುತ್ತದೆ. ಪಂಪಿನದು ಮೈಕ್ರೋಗ್ರಾಂ ಲೆಕ್ಕದ್ದು, ಬಹುಪಾಲು ಶ್ವಾಸನಾಳಕ್ಕಷ್ಟೇ ಕೆಲಸ ಮಾಡುವಂಥದ್ದು. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣಿನ ಕಾಟವೂ ತಗ್ಗುತ್ತದೆ. ಬಿ.ಪಿ. ಮಾತ್ರೆಯನ್ನು ದಿನಾ ನುಂಗುವವರನ್ನು ನಾವು ಚಟಗಾರರೆನ್ನುವುದಿಲ್ಲವಲ್ಲ!

ಹಾಗೆಂದು ನಾವು ಯಾವ ಕಂಪನಿಯ ವಕಾಲತ್ತನ್ನೂ ವಹಿಸುತ್ತಿಲ್ಲ. ಹಾಳಾದ ಶ್ವಾಸಕೋಶವನ್ನು ಇನ್‌ಹೇಲರ್ ಹೊಸದು ಮಾಡಿಕೊಡುವುದಿಲ್ಲ. ಆರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಮೂರು ವರ್ಷ ಗಮನಿಸಿದ, 2007ರಲ್ಲಿ ಪ್ರಕಟವಾದ ‘ಟಾರ್ಚ್’ ಅಧ್ಯಯನದಲ್ಲಿ ಸಾಲ್ಮೆಟೆರಾಲ್-ಫ್ಲುಟಿಕಾಸೋನ್ ಜೋಡಿಯಿಂದ ಕಾಯಿಲೆ ಉಲ್ಬಣಿಸುವುದು ಕಾಲುಭಾಗದಷ್ಟು ಕಡಿಮೆಯಾಯಿತು. ಸಾವು ಕಡಿಮೆಯಾಯಿತೆಂದು ಖಚಿತವಾಗಿ ಹೇಳಲಾಗಲಿಲ್ಲ. ನ್ಯುಮೋನಿಯಾ ಹೆಚ್ಚಾದದ್ದೂ ಕಂಡುಬಂತು. ಆದ್ದರಿಂದ ಸ್ಟೀರಾಯ್ಡ್ ಇರುವ ಪಂಪ್ ಎಲ್ಲರಿಗೂ ಬೇಕಿಲ್ಲ. ಯಾರಿಗೆ ಯಾವುದೆಂದು ಊದಿಸಿ ಪರೀಕ್ಷಿಸಿ ವೈದ್ಯರು ನಿರ್ಧರಿಸಬೇಕು, ಪಕ್ಕದ ಮನೆಯವರಲ್ಲ. ಬೀಡಿ ಬಿಡದೆ, ಹೊಗೆ ತಗ್ಗಿಸದೆ ಬರೀ ಪಂಪ್ ಸೇದುವುದು ತೂತು ಬಿಂದಿಗೆಗೆ ನೀರು ಹೊಯ್ದಂತೆ.

ರಂಜಾನ್ ತಿಂಗಳಲ್ಲಿ ಉಪವಾಸದ ಹೆಸರಲ್ಲಿ ಪಂಪನ್ನೇ ಕೈಬಿಡುವ ಹಿರಿಯರು ನಮ್ಮ ಸಮುದಾಯದಲ್ಲಿದ್ದಾರೆ. ದಿನಕ್ಕೆರಡು ಬಾರಿಯ ಮದ್ದನ್ನು ಸಹರಿಗೊಮ್ಮೆ, ಇಫ್ತಾರಿಗೊಮ್ಮೆ ತೆಗೆದುಕೊಳ್ಳಲು ಅಡ್ಡಿಯೇನು? ಹಗಲಲ್ಲಿ ಸೇದಿದರೆ ಉಪವಾಸ ಮುರಿಯುತ್ತದೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ರೋಗಿಗೆ ಕುರ್‌ಆನ್ ಕೊಟ್ಟ ವಿನಾಯಿತಿಯ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಉಸಿರುಕಟ್ಟಿ ಒದ್ದಾಡುವುದನ್ನು ಭಕ್ತಿಯೆಂದು ಹೊಗಳುವವರು ಆ ವಿನಾಯಿತಿಯನ್ನು ಮತ್ತೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಆದರೆ ಆಪತ್ತಿಗೆ ಮಾತ್ರ ಎಚ್ಚರಗೊಳ್ಳುವ ಈ ರೋಗ ಜನರಿಗಷ್ಟೇ ಅಂಟಿದ್ದಲ್ಲ, ಸರ್ಕಾರಕ್ಕೂ ಅಂಟಿದೆ. 2010ರಲ್ಲಿ ಶುರುವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಹೆಸರಿನಲ್ಲಿ ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯು ಇದ್ದವು, ಶ್ವಾಸಕೋಶಕ್ಕೆ ಜಾಗವಿರಲಿಲ್ಲ. ಸಿಒಪಿಡಿ ಸೇರಿದ್ದು ಆಮೇಲೆ. ಕೂಡಿಸಿದ ಇನ್‌ಹೇಲರ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಆದರೆ ಪಟ್ಟಿಯಲ್ಲಿರುವುದೇ ಬೇರೆ, ಊರಿನ ಆಸ್ಪತ್ರೆಯ ಕಪಾಟಿನಲ್ಲಿರುವುದೇ ಬೇರೆ. ತಿಂಗಳಿಗೆ ನೂರಾರು ರೂಪಾಯಿ ಕೊಟ್ಟು ಪೇಟೆಯಿಂದ ತರಬೇಕಾದ ಮದ್ದನ್ನು ಕೂಲಿಯವಳು ದಿನಾ ಸೇದಲಿ ಎನ್ನುವುದು ಸಲಹೆಯಲ್ಲ, ಅಣಕ. ಅವಳು ಅದನ್ನು ಆಪತ್ತಿಗೆಂದು ಎತ್ತಿಡುವುದು ಅಜ್ಞಾನದಿಂದಲ್ಲ, ಲೆಕ್ಕದಿಂದ.

ಆದ್ದರಿಂದ ನಾವು ಕೇಳುವುದು ಇಷ್ಟೆ. ತಳಕಿನಂಥ ಪ್ರತಿ ಹೋಬಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯಂತೆ ಈ ಮದ್ದೂ ತಿಂಗಳು ತಿಂಗಳು ಉಚಿತವಾಗಿ ಸಿಗಲಿ. ಉಸಿರು ಅಳೆಯುವ ಸ್ಪೈರೋಮೀಟರ್ ತಾಲ್ಲೂಕು ಆಸ್ಪತ್ರೆಯಲ್ಲಿ ಇರಲಿ, ಅದನ್ನು ಬಳಸಬಲ್ಲವರೂ ಇರಲಿ. ಪಂಪ್ ಹಿಡಿಯುವ ಕ್ರಮವನ್ನು ಆಶಾ ಕಾರ್ಯಕರ್ತೆಯರಿಗೆ ಕಲಿಸಿ, ಅವರು ಮನೆಮನೆಯಲ್ಲಿ ತೋರಿಸುವಂತಾಗಲಿ. ಇನ್ನು ಮನೆಯವರಾದ ನಾವು, ಇಂದೇ ಅಜ್ಜಿಯ ಟ್ರಂಕು ತೆರೆದು ಆ ಪಂಪನ್ನು ಹೊರಗೆ ತೆಗೆಯೋಣ. ಅವಧಿ ಮೀರಿಲ್ಲವೇ ನೋಡಿ, ಹೇಗೆ ಸೇದುತ್ತಾರೆಂದು ವೈದ್ಯರೆದುರು ಒಮ್ಮೆ ತೋರಿಸೋಣ. ನಮಗೆಲ್ಲ ಬೇಯಿಸಿ ಹಾಕುತ್ತ ಅವರು ಹೊಗೆ ಕುಡಿದದ್ದು ಆಪತ್ತಿನ ದಿನಗಳಲ್ಲಿ ಮಾತ್ರವಲ್ಲ, ದಿನಾ.