ಮನೆಯೊಳಗಿನ ಸೈಕಲ್: ಪರದೆಗಿಂತ ಮೊದಲು ಸೀಟನ್ನು ನೋಡಿ

ಈಜು, ಸೈಕಲ್ ಸವಾರಿ ಮತ್ತು ಓಟ, ಈ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಬೆನ್ನಿಗೆ ಒಂದರಂತೆ ಪೂರೈಸುವ ಟ್ರಯಥ್ಲಾನ್ ಎಂಬ ಸ್ಪರ್ಧೆಯ ಹೆಸರು ಈಗ ನಮ್ಮ ಭಕ್ತರ ಮನೆಗಳಲ್ಲಿಯೂ ಕೇಳಿಬರುತ್ತಿದೆ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ ಎಂಬಲ್ಲಿ ಕೆಲವು ಓಟಗಾರರ ಹವ್ಯಾಸವಾಗಿ ಆರಂಭಗೊಂಡ ಈ ಕ್ರೀಡೆ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಸ್ಥಾನ ಪಡೆಯಿತು. 2019ರಲ್ಲಿ ನೆರೆಯ ಗೋವಾದಲ್ಲಿ ಐರನ್‌ಮ್ಯಾನ್ 70.3 ಸ್ಪರ್ಧೆ ಆರಂಭವಾದ ಮೇಲಂತೂ ಕರ್ನಾಟಕದ ಅನೇಕ ಯುವಕರೂ ನಡುವಯಸ್ಸಿನ ಉದ್ಯೋಗಸ್ಥರೂ ಇದರತ್ತ ಒಲಿದಿದ್ದಾರೆ. 1.9 ಕಿಲೋಮೀಟರ್ ಸಮುದ್ರದ ಈಜು, 90 ಕಿಲೋಮೀಟರ್ ಸೈಕಲ್ ಸವಾರಿ, ಕೊನೆಗೆ 21.1 ಕಿಲೋಮೀಟರ್ ಓಟ ಇದರ ಪ್ರಮಾಣ. ಒಟ್ಟು ದೂರವನ್ನು ಮೈಲಿಗಳಲ್ಲಿ ಎಣಿಸಿದರೆ 70.3 ಆಗುವುದರಿಂದ ಸ್ಪರ್ಧೆಗೆ ಆ ಹೆಸರು. ಈ ಮೂರರಲ್ಲಿ ಹೆಚ್ಚು ಹೊತ್ತನ್ನು ಬೇಡುವುದು ಸೈಕಲ್ಲೇ. ಆದ್ದರಿಂದ ಅಭ್ಯಾಸದ ಬಹುಪಾಲು ಸಮಯವೂ ಅದಕ್ಕೇ ಸಲ್ಲುತ್ತದೆ.

ತೊಡಕು ಇರುವುದು ಇಲ್ಲಿಯೇ. ಗೋವಾದ ಸ್ಪರ್ಧೆ ಅಕ್ಟೋಬರ್ ಅಥವಾ ನವೆಂಬರ್ ತಿಂಗಳಲ್ಲಿ ನಡೆಯುತ್ತದೆ. ಅದಕ್ಕೆ ಸಿದ್ಧತೆ ನಡೆಸಬೇಕಾದ ನಾಲ್ಕು ತಿಂಗಳೂ ನಮ್ಮ ಮುಂಗಾರಿನ ತಿಂಗಳುಗಳು. ವಿಜಯಪುರ, ಬಾಗಲಕೋಟೆಗಳ ಬಯಲುಸೀಮೆಯ ಸವಾರನಿಗೆ ಮಳೆ ಅಷ್ಟಾಗಿ ಅಡ್ಡಿಯಾಗದಿರಬಹುದು. ಆದರೆ ಶಿವಮೊಗ್ಗೆಯಲ್ಲಿಯೋ ಚಿಕ್ಕಮಗಳೂರಿನಲ್ಲಿಯೋ ಇರುವವನು ಜುಲೈ ತಿಂಗಳಲ್ಲಿ ರಸ್ತೆಗಿಳಿದು ಮೂರು ಗಂಟೆ ಪೆಡಲ್ ತುಳಿಯುವುದು ಹೇಗೆ? ಬೆಂಗಳೂರಿನ ಉದ್ಯೋಗಸ್ಥನಿಗೆ ಬಿಡುವು ದೊರೆಯುವುದು ನಸುಕಿನ ಐದು ಗಂಟೆಗೆ. ಆ ಹೊತ್ತಿನಲ್ಲಿ ಕತ್ತಲೆ, ನೀರು ತುಂಬಿದ ಗುಂಡಿಗಳು, ಬರಿದಾದ ಹೆದ್ದಾರಿಯಲ್ಲಿ ಅಡ್ಡಾದಿಡ್ಡಿ ಧಾವಿಸುವ ಲಾರಿಗಳು. ಮನೆಯಲ್ಲಿ ಕಾಯುವ ತಾಯಿಗೂ ಹೆಂಡತಿಗೂ ಮಗ ಅಥವಾ ಗಂಡ ಹಿಂದಿರುಗುವ ತನಕ ನೆಮ್ಮದಿ ಇರುವುದಿಲ್ಲ. ಹಾಗಾಗಿ ಮನೆಯೊಳಗೇ ತುಳಿಯುವ ಸೈಕಲ್ಲನ್ನು ಕೊಳ್ಳುವ ವಿಚಾರ ಬರುವುದು ಸಹಜ. ಅದು ವಿವೇಕದ ವಿಚಾರವೂ ಹೌದು. ಆದರೆ ಕೊಳ್ಳುವಾಗ ನಮ್ಮ ಜನರು ನೋಡಬೇಕಾದುದನ್ನು ಬಿಟ್ಟು ನೋಡಬೇಕಿಲ್ಲದುದನ್ನು ನೋಡುತ್ತಿದ್ದಾರೆ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಮೊದಲೇ ಹೇಳಿಬಿಡುವುದು ಲೇಸು. ಟ್ರಯಥ್ಲಾನಿನ ಅಭ್ಯಾಸಕ್ಕೆ ಯೋಗ್ಯವಾದ ಒಳಾಂಗಣ ಸೈಕಲ್ ಎಂದರೆ ರಸ್ತೆಯ ಸೈಕಲ್ಲಿನ ಮೇಲೆ ಶರೀರ ಯಾವ ಭಂಗಿಯಲ್ಲಿರುತ್ತದೆಯೋ ಅದೇ ಭಂಗಿಯಲ್ಲಿ ಕೂರಗೊಡುವ ಸೈಕಲ್. ಉಳಿದ ಗುಣಗಳೆಲ್ಲ ಇದರ ನಂತರ. ನಿಮ್ಮಲ್ಲಿ ಈಗಾಗಲೇ ಒಂದು ಒಳ್ಳೆಯ ರಸ್ತೆ ಸೈಕಲ್ ಇದ್ದರೆ ಮತ್ತೊಂದು ಸೈಕಲ್ಲನ್ನು ಕೊಳ್ಳುವ ಅವಶ್ಯಕತೆಯೇ ಬಹುತೇಕ ಇರುವುದಿಲ್ಲ.

ಅಂಗಡಿಗೆ ಹೋದೊಡನೆ ಮಾರಾಟಗಾರರು ತೋರಿಸುವುದು ನೆಟ್ಟಗೆ ಕೂತು ತುಳಿಯುವ ವ್ಯಾಯಾಮದ ಸೈಕಲ್ಲನ್ನು. ಅಗಲವಾದ ಮೆತ್ತನೆಯ ಸೀಟು, ಎದೆಯ ಮಟ್ಟಕ್ಕೆ ಬರುವ ಹಿಡಿಕೆ, ಎದುರಿಗೆ ಮಿನುಗುವ ಪರದೆ ಅದರಲ್ಲಿರುತ್ತವೆ. ಮಧುಮೇಹ ಇರುವವರು, ತೂಕ ಇಳಿಸಬೇಕಾದವರು, ದಿನಕ್ಕೆ ಅರ್ಧ ಗಂಟೆ ಕೈಕಾಲು ಆಡಿಸಬೇಕೆನ್ನುವವರು ಅದನ್ನು ಅಗತ್ಯವಾಗಿ ಕೊಳ್ಳಲಿ. ಬೆನ್ನಿಗೆ ಒರಗು ಇರುವ ಇನ್ನೊಂದು ಬಗೆಯದು ಮಂಡಿನೋವಿನ ಹಿರಿಯರಿಗೆ ನಿಜಕ್ಕೂ ಉಪಕಾರಿ. ಆದರೆ ಇವೆರಡರಲ್ಲಿ ಯಾವುದೂ 90 ಕಿಲೋಮೀಟರ್ ಬಾಗಿ ಕೂತು ಸಾಗಬೇಕಾದ ಸವಾರನ ಬೆನ್ನು, ಕತ್ತು, ತೊಡೆಗಳನ್ನು ಸಿದ್ಧಪಡಿಸಲಾರದು. ಹೃದಯ ಮತ್ತು ಶ್ವಾಸಕೋಶಗಳು ಬಲಗೊಳ್ಳುತ್ತವೆ, ನಿಜ. ಸ್ಪರ್ಧೆಯ ದಿನ ಕೈಕೊಡುವುದು ಮಾತ್ರ ಸೊಂಟ.

ಭಂಗಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಒಂದು ನಿಮಿಷಕ್ಕೆ 85 ಸುತ್ತಿನಂತೆ ಎರಡು ಗಂಟೆ ತುಳಿದರೆ ಪ್ರತಿಯೊಂದು ಮಂಡಿಯೂ ಹತ್ತು ಸಾವಿರಕ್ಕೂ ಹೆಚ್ಚು ಬಾರಿ ಮಡಚಿ ಬಿಡಿಸಿಕೊಳ್ಳುತ್ತದೆ. ಸೀಟು ಎರಡು ಬೆರಳಿನಷ್ಟು ತಗ್ಗಿದ್ದರೆ ಆ ಪ್ರತಿ ಸುತ್ತಿನಲ್ಲಿಯೂ ಮಂಡಿಚಿಪ್ಪಿನ ಮೇಲೆ ಅನಗತ್ಯ ಒತ್ತಡ ಬೀಳುತ್ತದೆ. ಎತ್ತರ ಹೆಚ್ಚಾದರೆ ಸೊಂಟ ಎಡಬಲಕ್ಕೆ ಹೊಯ್ದಾಡಿ ಮಂಡಿಯ ಹಿಂಭಾಗ ನೋಯತೊಡಗುತ್ತದೆ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ, ಪೆಡಲ್ ಕೆಳಗಿರುವ ಸ್ಥಿತಿಯಲ್ಲಿ ಕಾಲು ನೇರವಾಗಬೇಕು. ಪಾದದ ಮುಂಭಾಗವನ್ನಿಟ್ಟು ತುಳಿಯುವಾಗ ಮಂಡಿ ಸುಮಾರು 25ರಿಂದ 35 ಡಿಗ್ರಿಯಷ್ಟು ಬಾಗಿರಬೇಕು. ಸೀಟಿನ ಎತ್ತರವನ್ನು ಎಲ್ಲ ಸೈಕಲ್ಲುಗಳಲ್ಲಿಯೂ ಬದಲಿಸಬಹುದು. ಪ್ರಶ್ನೆ ಇರುವುದು ಉಳಿದ ಮೂರರಲ್ಲಿ: ಸೀಟು ಹಿಂದೆ ಮುಂದೆ ಸರಿಯುತ್ತದೆಯೇ, ಹಿಡಿಕೆ ಸೀಟಿಗಿಂತ ಕೆಳಗೆ ಇಳಿಯುತ್ತದೆಯೇ, ಹಿಡಿಕೆಗೂ ಸೀಟಿಗೂ ನಡುವಿನ ಅಂತರವನ್ನು ಬದಲಿಸಬಹುದೇ? ಟ್ರಯಥ್ಲಾನ್ ಸವಾರರು ಸಾಮಾನ್ಯ ರಸ್ತೆ ಸವಾರರಿಗಿಂತ ಮುಂದಕ್ಕೆ ಸರಿದು, ಮುಂಗೈಗಳನ್ನು ಹಿಡಿಕೆಯ ಮೇಲೆ ಊರಿ ಕೂರುವುದುಂಟು. ಗಾಳಿಯನ್ನು ಸೀಳಿಕೊಂಡು ಹೋಗುವುದಕ್ಕೂ, ಮುಂದಿನ ಓಟಕ್ಕಾಗಿ ಸೊಂಟವನ್ನು ತೆರೆದಿಟ್ಟುಕೊಳ್ಳುವುದಕ್ಕೂ ಆ ಭಂಗಿ ನೆರವಾಗುತ್ತದೆ. ಸೀಟನ್ನು ಮುಂದಕ್ಕೆ ತರಲಾಗದ ಸೈಕಲ್ಲಿನಲ್ಲಿ ಈ ಅಭ್ಯಾಸ ಅಸಾಧ್ಯ.

ಪೆಡಲುಗಳ ನಡುವಿನ ಅಗಲವನ್ನು ಗಮನಿಸುವವರು ಇನ್ನೂ ವಿರಳ. ರಸ್ತೆ ಸೈಕಲ್ಲಿನಲ್ಲಿ ಎರಡು ಪೆಡಲು ತೋಳುಗಳ ಹೊರಮೈಗಳ ಅಂತರ ಸುಮಾರು 150 ಮಿಲಿಮೀಟರ್ ಇರುತ್ತದೆ. ಒಳಾಂಗಣ ಸೈಕಲ್ಲುಗಳಲ್ಲಿ ಹಲವು ಇದಕ್ಕಿಂತ ಅಗಲ. ಕಾಲುಗಳನ್ನು ಅಗಲಿಸಿ ತಿಂಗಳುಗಟ್ಟಲೆ ತುಳಿದು, ಆಮೇಲೆ ರಸ್ತೆಯಲ್ಲಿ ಕಾಲು ಕೂಡಿಸಿ ತುಳಿದರೆ ಮಂಡಿ ಮತ್ತು ಸೊಂಟದ ಕೀಲುಗಳು ಆ ಬದಲಾವಣೆಯನ್ನು ಮೌನವಾಗಿ ಸಹಿಸುವುದಿಲ್ಲ. ಅಳತೆಪಟ್ಟಿಯನ್ನು ಅಂಗಡಿಗೆ ಕೊಂಡೊಯ್ಯಲು ಸಂಕೋಚ ಬೇಡ. ಸೀರೆ ಕೊಳ್ಳುವಾಗ ಸೆರಗನ್ನು ಬಿಡಿಸಿ ನೋಡದೆ ಹಣ ಕೊಡುವವರು ನಾವಲ್ಲವಷ್ಟೆ!

ಇನ್ನು ಪ್ರತಿರೋಧದ ಮಾತು. ಭಾರದ ಗಾಲಿಯುಳ್ಳ ಸ್ಪಿನ್ ಬೈಕುಗಳಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಉಣ್ಣೆಯಂಥ ಗಟ್ಟಿ ಫೆಲ್ಟಿನ ತುಂಡೊಂದು ಗಾಲಿಯನ್ನು ಒತ್ತಿ ಹಿಡಿಯುತ್ತದೆ. ಇನ್ನೊಂದರಲ್ಲಿ ಅಯಸ್ಕಾಂತಗಳು ಗಾಲಿಯನ್ನು ಮುಟ್ಟದೆಯೇ ಅದರ ವೇಗವನ್ನು ತಡೆಯುತ್ತವೆ. ಮೊದಲನೆಯದು ಅಗ್ಗ. ಆದರೆ ಫೆಲ್ಟ್ ಸವೆಯುತ್ತದೆ, ಬಿಸಿಯಾಗುತ್ತದೆ, ಬೆವರು ಬಿದ್ದರೆ ಜಾರುತ್ತದೆ. ನಿನ್ನೆ ತಿರುಪನ್ನು ಎರಡು ಸುತ್ತು ಬಿಗಿದಾಗ ಇದ್ದ ಭಾರ ಇಂದು ಅಷ್ಟೇ ಬಿಗಿದರೂ ಇರುವುದಿಲ್ಲ. ಅಭ್ಯಾಸದಲ್ಲಿ ಮುನ್ನಡೆ ಆಗುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ನಿನ್ನೆಯ ಶ್ರಮವನ್ನು ಇಂದಿನದಕ್ಕೆ ಹೋಲಿಸಲು ಸಾಧ್ಯವಾಗಬೇಕು. ಅಯಸ್ಕಾಂತದ ಬೈಕಿನಲ್ಲಿ ಅದು ಸಾಧ್ಯ. ಮೇಲಾಗಿ ಅದು ಸದ್ದು ಮಾಡುವುದಿಲ್ಲ. ನಸುಕಿನಲ್ಲಿ ಮಕ್ಕಳು ಮಲಗಿರುವ ಮನೆಗೆ ಇದು ಸಣ್ಣ ಅನುಕೂಲವಲ್ಲ.

ಶ್ರಮವನ್ನು ಅಳೆಯುವ ಮಾನ ವಾಟ್. ಎಷ್ಟು ಬಲದಿಂದ, ಎಷ್ಟು ವೇಗವಾಗಿ ಪೆಡಲನ್ನು ತಿರುಗಿಸಿದಿರಿ ಎಂಬ ಎರಡನ್ನೂ ಕೂಡಿಸಿಕೊಂಡು ಬರುವ ಲೆಕ್ಕವಿದು. ಇಲ್ಲಿ ಎಚ್ಚರ ಅಗತ್ಯ. ಅಗ್ಗದ ಸೈಕಲ್ಲುಗಳ ಪರದೆ ತೋರುವ ವಾಟ್ ಮತ್ತು ಕ್ಯಾಲರಿ ಅಳೆದು ಹೇಳಿದ ಸಂಖ್ಯೆಗಳಲ್ಲ. ಪೆಡಲಿನ ಸುತ್ತುಗಳಿಂದ ಊಹಿಸಿ ಹೇಳಿದವು. ಪ್ರತಿರೋಧವನ್ನು ಪೂರ್ತಿ ಸಡಿಲಿಸಿ ಬರಿದೇ ಕಾಲು ತಿರುಗಿಸಿ ನೋಡಿ. ಆಗಲೂ ಪರದೆಯ ಮೇಲೆ ದೊಡ್ಡ ಅಂಕಿ ಮೂಡಿದರೆ ಆ ಯಂತ್ರದ ಮಾತನ್ನು ನಂಬಬೇಡಿ. ನಿಜವಾಗಿ ಅಳೆಯುವ ಸ್ಮಾರ್ಟ್ ಬೈಕುಗಳ ಬೆಲೆ ಲಕ್ಷವನ್ನು ದಾಟುತ್ತದೆ. ಮೊದಲ ಸ್ಪರ್ಧೆಗೆ ಸಿದ್ಧರಾಗುವವರಿಗೆ ಅಷ್ಟು ವೆಚ್ಚ ಬೇಕಿಲ್ಲ. ಎದೆಗೆ ಕಟ್ಟಿಕೊಳ್ಳುವ ಹೃದಯ ಬಡಿತದ ಪಟ್ಟಿ ಮತ್ತು ಒಂದೇ ಸಮನಾಗಿ ಉಳಿಯುವ ಪ್ರತಿರೋಧ ಇದ್ದರೆ ಒಂದೆರಡು ವರ್ಷ ಧಾರಾಳವಾಗಿ ಸಾಗುತ್ತದೆ.

ಸ್ವಂತ ಸೈಕಲ್ ಉಳ್ಳವರ ಮುಂದಿರುವ ದಾರಿ ಟ್ರೈನರ್. ಸೈಕಲ್ಲಿನ ಹಿಂದಿನ ಗಾಲಿಯನ್ನು ಒಂದು ಚೌಕಟ್ಟಿಗೆ ಸಿಕ್ಕಿಸಿ ಉರುಳೆಯೊಂದನ್ನು ಟಯರಿಗೆ ಒತ್ತುವುದು ಸರಳ ಬಗೆ. ಹಿಂದಿನ ಗಾಲಿಯನ್ನೇ ಕಳಚಿ ಚೈನನ್ನು ನೇರವಾಗಿ ಯಂತ್ರಕ್ಕೆ ಜೋಡಿಸುವುದು ಎರಡನೆಯ ಬಗೆ. ಮೊದಲನೆಯದರಲ್ಲಿ ಟಯರು ಬೇಗ ಸವೆಯುತ್ತದೆ, ಸದ್ದೂ ಇರುತ್ತದೆ. ಆದರೆ ಬೆಲೆ ಸ್ಮಾರ್ಟ್ ಬೈಕಿನ ಒಂದು ಸಣ್ಣ ಪಾಲು ಮಾತ್ರ. ಎರಡನೆಯದು ದುಬಾರಿ, ಅಳತೆಯಲ್ಲಿ ನಿಖರ. ಎರಡರಲ್ಲಿಯೂ ಸೀಟು ನಿಮ್ಮದೇ, ಹಿಡಿಕೆ ನಿಮ್ಮದೇ, ಭಂಗಿಯೂ ನಿಮ್ಮದೇ. ಭಂಗಿಯ ಕುರಿತು ಮೇಲೆ ಹೇಳಿದ ಚಿಂತೆಯೆಲ್ಲ ಒಂದೇ ಏಟಿಗೆ ತೀರುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಟ್ರಯಥ್ಲಾನ್ ಚಿನ್ನ ಗೆದ್ದ ಜರ್ಮನಿಯ ಯಾನ್ ಫ್ರೊಡೆನೊ 2020ರ ಏಪ್ರಿಲ್‌ನಲ್ಲಿ, ಕೊರೊನಾ ನಿರ್ಬಂಧದಿಂದ ಹೊರಗೆ ಕಾಲಿಡಲಾಗದಿದ್ದಾಗ, ಸ್ಪೇನಿನ ಜಿರೋನಾದ ತಮ್ಮ ಮನೆಯಲ್ಲಿಯೇ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟದ ಪೂರ್ಣ ಐರನ್‌ಮ್ಯಾನ್ ದೂರವನ್ನು ಮುಗಿಸಿದರು. ಆ 180 ಕಿಲೋಮೀಟರನ್ನು ಅವರು ತುಳಿದದ್ದು ಟ್ರೈನರಿಗೆ ಜೋಡಿಸಿದ ಸೈಕಲ್ಲಿನಲ್ಲಿ.

ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಓದುಗರಿಗೆ ಒಂದು ಕಿವಿಮಾತು. ಸ್ಮಾರ್ಟ್ ಟ್ರೈನರುಗಳಲ್ಲಿ ಬಹುಪಾಲು ವಿದ್ಯುತ್ತಿಲ್ಲದೆ ಸರಿಯಾದ ಪ್ರತಿರೋಧವನ್ನು ಕೊಡವು. ನಸುಕಿನಲ್ಲಿ ಕರೆಂಟು ಹೋಗುವ ಊರಿನಲ್ಲಿ ಅಂಥದ್ದನ್ನು ಕೊಂಡರೆ ಅಭ್ಯಾಸ ವಿದ್ಯುತ್ ಇಲಾಖೆಯ ವೇಳಾಪಟ್ಟಿಯಂತೆ ನಡೆಯಬೇಕಾಗುತ್ತದೆ. ಕೈಯಿಂದ ಭಾರವನ್ನು ಬದಲಿಸುವ ಸರಳ ಅಯಸ್ಕಾಂತದ ಟ್ರೈನರೇ ಅಲ್ಲಿ ಮೇಲು.

ಹಾಗಾದರೆ ಸ್ಪಿನ್ ಬೈಕನ್ನು ಯಾರು ಕೊಳ್ಳಬೇಕು? ಮನೆಯಲ್ಲಿ ಇಬ್ಬರು ಮೂವರು ಬಳಸುವುದಾದರೆ, ಅಥವಾ ರಸ್ತೆ ಸೈಕಲ್ಲನ್ನು ದಿನವೂ ಬಿಚ್ಚಿ ಜೋಡಿಸುವ ತಾಳ್ಮೆ ಇಲ್ಲದಿದ್ದರೆ ಅದು ಯೋಗ್ಯ. ಆದರೆ ಅದರ ಗಾಲಿಯ ಗುಣವನ್ನು ಎಲ್ಲರೂ ಅರಿತಿರಬೇಕು. ಬಹಳಷ್ಟು ಸ್ಪಿನ್ ಬೈಕುಗಳಲ್ಲಿ ಗಾಲಿ ತಿರುಗುತ್ತಿರುವಷ್ಟು ಹೊತ್ತೂ ಪೆಡಲುಗಳು ತಿರುಗುತ್ತಲೇ ಇರುತ್ತವೆ. ಕಾಲು ನಿಲ್ಲಿಸಿದರೆ ಗಾಲಿ ನಿಲ್ಲದು, ಕಾಲನ್ನೇ ಎಳೆದೊಯ್ಯುತ್ತದೆ. ತಿರುಪನ್ನು ಅದುಮಿ ಗಾಲಿಯನ್ನು ನಿಲ್ಲಿಸುವ ಕ್ರಮವನ್ನು ಮೊದಲ ದಿನವೇ ಕಲಿಯಬೇಕು. ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ಗಾಲಿ ಮತ್ತು ಬೆಲ್ಟು ಪೂರ್ಣ ಮುಚ್ಚಿರುವ ಬೈಕನ್ನಲ್ಲದೆ ಬೇರೆಯದನ್ನು ಒಳಗೆ ತರಕೂಡದು. ತಿರುಗುವ ಗಾಲಿಗೆ ಮಗು ಬೆರಳು ಚಾಚುವುದಕ್ಕೆ ಒಂದು ಕ್ಷಣ ಸಾಕು.

ಕೋಣೆಯೊಳಗೆ ತುಳಿಯುವಾಗ ಎದುರುಗಾಳಿ ಇರುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿದ್ದರೂ ಅದರ ಪರಿಣಾಮವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಐದನೆಯ ಒಂದರಿಂದ ನಾಲ್ಕನೆಯ ಒಂದು ಪಾಲಷ್ಟೇ ಪೆಡಲಿಗೆ ತಲುಪುತ್ತದೆ. ಉಳಿದುದೆಲ್ಲ ಶಾಖ. 150 ವಾಟ್ ತುಳಿಯುವ ವ್ಯಕ್ತಿಯ ಶರೀರದಿಂದ 450ರಿಂದ 600 ವಾಟಿನಷ್ಟು ಶಾಖ ಹೊರಬೀಳುತ್ತಿರುತ್ತದೆ. ಸಣ್ಣದೊಂದು ಹೀಟರನ್ನು ಅಪ್ಪಿಕೊಂಡು ಕೂತಂತೆಯೇ ಸರಿ. ಆದ್ದರಿಂದ ಹಣವನ್ನೆಲ್ಲ ಸೈಕಲ್ಲಿಗೇ ಸುರಿಯದೆ ಒಂದು ದೊಡ್ಡ ಸ್ಟ್ಯಾಂಡ್ ಫ್ಯಾನಿಗೆ, ನೆಲಕ್ಕೆ ಹಾಸುವ ರಬ್ಬರ್ ಮ್ಯಾಟಿಗೆ ಸ್ವಲ್ಪ ಉಳಿಸಿಕೊಳ್ಳಿ. ಕಿಟಕಿ ತೆರೆದಿರಲಿ. ಕೈಗೆಟುಕುವಲ್ಲಿ ನೀರಿರಲಿ, ದೀರ್ಘ ಅಭ್ಯಾಸವಾದರೆ ಅದಕ್ಕೆ ಚಿಟಿಕೆ ಉಪ್ಪು ಬೆರೆತಿರಲಿ. ಬೆವರಿನ ಉಪ್ಪು ಹಿಡಿಕೆಯ ತಿರುಪುಗಳನ್ನು ತುಕ್ಕು ಹಿಡಿಸುವುದರಿಂದ ಮುಗಿದೊಡನೆ ಒರೆಸುವುದನ್ನು ಮರೆಯಬಾರದು.

ಕೊಳ್ಳುವ ದಿನ ಅಭ್ಯಾಸದ ಉಡುಪಿನಲ್ಲಿಯೇ ಹೋಗಿ ಕನಿಷ್ಠ ಇಪ್ಪತ್ತು ನಿಮಿಷ ತುಳಿದು ನೋಡಬೇಕು. ಎರಡು ನಿಮಿಷ ಕೂತರೆ ಮೆತ್ತನೆಯ ಸೀಟೇ ಸುಖವೆನಿಸುತ್ತದೆ. ಅದರ ನಿಜ ಬಣ್ಣ ತಿಳಿಯುವುದು ತೊಡೆಸಂದು ಜೋಮು ಹಿಡಿದಾಗ. ಎದ್ದು ನಿಂತು ಜೋರಾಗಿ ತುಳಿದಾಗ ಚೌಕಟ್ಟು ಅಲುಗಾಡಕೂಡದು. ಪೆಡಲನ್ನು ಬಿಚ್ಚಿ ನಿಮ್ಮ ಸೈಕಲ್ಲಿನ ಪೆಡಲನ್ನೇ ಹಾಕಲು ಬರುತ್ತದೆಯೇ ಎಂದು ಕೇಳಿ. ಸಾಮಾನ್ಯ ಅಳತೆ ಒಂದು ಅಂಗುಲದ ಹದಿನಾರರಲ್ಲಿ ಒಂಬತ್ತು ಭಾಗ. ಅಂಗಡಿಯವರು ಕೂತು ನೋಡಲು ಬಿಡದಿದ್ದರೆ ಅಲ್ಲಿ ಕೊಳ್ಳಬೇಡಿ.

ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಮಧುಮೇಹ ಇರುವವರು, ಕುಟುಂಬದಲ್ಲಿ ಹೃದ್ರೋಗದ ಹಿನ್ನೆಲೆ ಉಳ್ಳವರು ಕಠಿಣ ಅಭ್ಯಾಸಕ್ಕೆ ಮುನ್ನ ವೈದ್ಯರನ್ನು ಕಾಣಲೇಬೇಕು. ತುಳಿಯುವಾಗ ಎದೆ ಬಿಗಿದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಮನೆಯ ಸೈಕಲ್ ಕಲಿಸಲಾರದ ಪಾಠಗಳೂ ಇವೆ. ತಿರುವಿನಲ್ಲಿ ವಾಲುವುದು, ಇಳಿಜಾರಿನಲ್ಲಿ ಬ್ರೇಕ್ ಒತ್ತುವುದು, ಸಾಗುತ್ತಲೇ ಬಾಟಲಿಯನ್ನು ತೆಗೆದು ಕುಡಿಯುವುದು, ನೂರಾರು ಸವಾರರ ನಡುವೆ ಅಂತರ ಕಾಯ್ದುಕೊಳ್ಳುವುದು, ಇವೆಲ್ಲ ರಸ್ತೆಯಲ್ಲಿಯೇ ಬರಬೇಕು. ಮಳೆ ಬಿಡುವು ಕೊಟ್ಟ ಭಾನುವಾರಗಳಂದು, ಬೆಳಕು ಹರಿದ ಮೇಲೆ, ಹೆಲ್ಮೆಟ್ ಧರಿಸಿ ಹೊರಗೆ ಹೋಗುವುದನ್ನು ಬಿಡಬಾರದು. ಅಂತೆಯೇ ಮನೆಯ ಸೈಕಲ್ ಮಾತ್ರ ಕೊಡಬಲ್ಲ ಒಂದು ಅನುಕೂಲವೂ ಉಂಟು. ಸೈಕಲ್ಲಿನಿಂದ ಇಳಿದೊಡನೆ ಓಡುವಾಗ ಮೊದಲ ಒಂದೆರಡು ಕಿಲೋಮೀಟರ್ ಕಾಲುಗಳು ಮರಗಟ್ಟಿದಂತಾಗುತ್ತವೆ. ಅದನ್ನು ಪಳಗಿಸುವುದಕ್ಕೆ ವಾರಕ್ಕೊಮ್ಮೆ ಒಂದು ಗಂಟೆ ತುಳಿದು, ಎರಡೇ ನಿಮಿಷದಲ್ಲಿ ಬೂಟು ಬದಲಿಸಿ, ಹದಿನೈದು ನಿಮಿಷ ಓಡಬೇಕು. ಇದಕ್ಕಾಗಿ ಸೈಕಲ್ಲನ್ನು ಒಳಕೋಣೆಯಲ್ಲಿ ಇಡುವುದಕ್ಕಿಂತ ಪಡಸಾಲೆಯಲ್ಲಿ, ಬೀದಿಬಾಗಿಲಿಗೆ ಹತ್ತಿರವಾಗಿ ಇಡುವುದು ಉತ್ತಮ. ಓಟದ ಬೂಟುಗಳು ಹೊಸ್ತಿಲ ಬಳಿಯೇ ಸಿದ್ಧವಾಗಿರಲಿ.