ರಾತ್ರಿ ರೆಗ್ಯುಲೇಟರ್ ಮುಚ್ಚುವವರು ಯಾರು?

ಮಲಗುವಾಗ ಮನೆಯೊಳಗೆ ಬೆಂಕಿ ಉರಿಯಲು ಬಿಡಬಾರದೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಗ್ರಂಥಗಳಲ್ಲಿ ಇದು ವರದಿಯಾಗಿದೆ. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಮನೆಮಂದಿಯ ಸಮೇತ ಸುಟ್ಟುಹೋದ ಸುದ್ದಿ ತಿಳಿದಾಗಲೂ ಅವರು ಇದನ್ನೇ ನೆನಪಿಸಿದರು. ಇನ್ನೊಂದು ಹದೀಸ್‌ನಲ್ಲಿ ಇಲಿಯ ಪ್ರಸ್ತಾಪ ಬರುತ್ತದೆ. ಉರಿಯುವ ದೀಪದ ಬತ್ತಿಯನ್ನು ಇಲಿ ಎಳೆದೊಯ್ದು ಮನೆಗೇ ಬೆಂಕಿ ಹಚ್ಚೀತು ಎಂಬ ಎಚ್ಚರಿಕೆ ಅದರಲ್ಲಿದೆ.

ಎಣ್ಣೆಯ ದೀಪ ಈಗ ನಮ್ಮ ಮನೆಗಳಲ್ಲಿಲ್ಲ. ಆದರೆ ಇಲಿ ಇದೆ. ಅದು ಈಗ ಸಿಲಿಂಡರಿನಿಂದ ಒಲೆಗೆ ಹೋಗುವ ರಬ್ಬರ್ ಪೈಪನ್ನು ಕಡಿಯುತ್ತದೆ. ಪೈಪು ಹಳತಾಗಿ ಬಿರುಕು ಬಿಟ್ಟರೂ ಅಷ್ಟೇ. ಗ್ಯಾಸ್ ಒಲೆಯ ಗುಂಡಿ ತಿರುಗಿಸಿದರೆ ಜ್ವಾಲೆ ಆರುತ್ತದೆ, ಆದರೆ ಪೈಪಿನೊಳಗೆ ಗ್ಯಾಸ್ ಹಾಗೆಯೇ ನಿಂತಿರುತ್ತದೆ. ಸಿಲಿಂಡರಿನ ಮೇಲಿನ ರೆಗ್ಯುಲೇಟರ್ ಮುಚ್ಚಿದಾಗ ಮಾತ್ರ ಪೈಪಿಗೆ ಗ್ಯಾಸ್ ಬರುವುದು ನಿಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಮೇಲಿನ ಹದೀಸ್ ಇಂದು ನಮ್ಮಿಂದ ಬೇಡುವುದು ಇದನ್ನೇ. ಎಷ್ಟು ಮನೆಗಳಲ್ಲಿ ಪ್ರತಿ ರಾತ್ರಿ ಇದು ನಡೆಯುತ್ತಿದೆ? ಯಾರು ಮಾಡುತ್ತಾರೆ?

ರಮಝಾನ್‌ನಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕವಿದೆ. ತರಾವೀಹ್ ಮುಗಿದು ಊಟವಾಗಿ, ಪಾತ್ರೆ ತೊಳೆದು ಮನೆಯಾಕೆ ಮಲಗುವಾಗ ಹನ್ನೆರಡಾಗಿರುತ್ತದೆ. ಮೂರೂವರೆ, ನಾಲ್ಕಕ್ಕೆ ಸಹರಿಗೆ ಮತ್ತೆ ಅವಳೇ ಏಳಬೇಕು. ಸೊಳ್ಳೆಗೆಂದು ಅಡುಗೆಮನೆಯ ಕಿಟಕಿ ಮುಚ್ಚಿರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಹೆಚ್ಚುಕಡಿಮೆ ಎರಡರಷ್ಟು. ಆದ್ದರಿಂದ ಸೋರಿದ ಗ್ಯಾಸ್ ಮೇಲಿನ ವೆಂಟಿಲೇಟರ್‌ನಿಂದ ಹೊರಗೆ ಹೋಗದೆ ನೆಲದಲ್ಲಿ ಹರಡಿ ನಿಲ್ಲುತ್ತದೆ. ಗಾಳಿಯಲ್ಲಿ ಅದು ಶೇಕಡಾ 2ರಷ್ಟಾದರೂ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಆ ಕಿಡಿ ಲೈಟಿನ ಸ್ವಿಚ್‌ನಿಂದಲೂ ಬರಬಹುದು, ತಾನಾಗಿ ಚಾಲೂ ಆಗುವ ಫ್ರಿಜ್‌ನಿಂದಲೂ ಬರಬಹುದು. ನಿದ್ದೆಗಣ್ಣಲ್ಲಿ ಬಾಗಿಲು ತೆರೆದು ಸ್ವಿಚ್ ಒತ್ತುವವಳ ಸ್ಥಿತಿ ಏನಾಗಬಹುದೆಂದು ನೀವೇ ಯೋಚಿಸಿ.

ಆದ್ದರಿಂದ ಸಹರಿಗೆ ಎದ್ದವರು ಬಾಗಿಲಲ್ಲೇ ನಿಂತು ಮೊದಲು ವಾಸನೆ ನೋಡಬೇಕು. ಗ್ಯಾಸ್‌ಗೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ಗಬ್ಬುನಾತದ ರಾಸಾಯನಿಕ ಸೇರಿಸಿರುತ್ತಾರೆ. ಆ ನಾತ ಬಂದರೆ ಲೈಟು ಹಾಕಬಾರದು, ಉರಿಯುತ್ತಿರುವ ಲೈಟನ್ನು ಆರಿಸಲೂಬಾರದು. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಗ್ಯಾಸ್ ಹೋಗುತ್ತದೆಂದು ಹಲವರು ನಂಬಿದ್ದಾರೆ, ಅದು ಅಪಾಯಕಾರಿ ನಂಬಿಕೆ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಮಕ್ಕಳನ್ನು ಎಬ್ಬಿಸಿಕೊಂಡು ಹೊರಗೆ ಬಂದು, ಅಲ್ಲಿಂದ 1906ಕ್ಕೆ ಫೋನ್ ಮಾಡಬೇಕು. ಗ್ಯಾಸ್ ಸೋರಿಕೆಗೆಂದೇ ಇರುವ ಈ ಸಂಖ್ಯೆ ಹಗಲು ರಾತ್ರಿ ಕೆಲಸ ಮಾಡುತ್ತದೆ.

ಪೈಪು ಐಎಸ್‌ಐ ಗುರುತಿನದ್ದಾಗಿರಲಿ, ಐದು ವರ್ಷಕ್ಕೊಮ್ಮೆ ಬದಲಾಗಲಿ. ಸಿಲಿಂಡರ್ ನೆಟ್ಟಗೆ ನಿಂತಿರಲಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ. ಅಂದಕ್ಕಾಗಿ ಸಿಲಿಂಡರನ್ನು ಗಾಳಿಯಾಡದ ಕಪಾಟಿನೊಳಗೆ ಮುಚ್ಚಿಡುವ ಹೊಸ ಫ್ಯಾಷನ್ ನನಗೆ ಸರಿಕಾಣುವುದಿಲ್ಲ. ಸೋರಿದರೆ ಗೊತ್ತಾಗುವುದೇ ತಡ.

ಇಷ್ಟನ್ನೂ ಮನೆಯಾಕೆಯೇ ನೋಡಿಕೊಳ್ಳಲಿ ಎನ್ನುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಸಿಲಿಂಡರ್ ಬುಕ್ ಮಾಡುವವರು, ಹಣ ಕೊಡುವವರು ಗಂಡಸರು. ಆದರೆ ರೆಗ್ಯುಲೇಟರ್ ಯಾವ ಕಡೆಗೆ ತಿರುಗಿಸಿದರೆ ಮುಚ್ಚುತ್ತದೆಂದು ಕೇಳಿದರೆ ಉತ್ತರವಿಲ್ಲ. ಇಡೀ ಮನೆಯಲ್ಲಿ ಅತ್ಯಂತ ಹೆಚ್ಚು ದಣಿದ, ಅತ್ಯಂತ ಕಡಿಮೆ ನಿದ್ದೆ ಮಾಡಿದ ವ್ಯಕ್ತಿಯ ನೆನಪಿನ ಮೇಲೆ ಎಲ್ಲರ ಜೀವವನ್ನು ಬಿಟ್ಟಿರುವುದು ನ್ಯಾಯವೇ? ಪ್ರವಾದಿಯವರು(ಸ) ಮನೆಯಲ್ಲಿದ್ದಾಗ ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರೆ. ಬಾಗಿಲಿಗೆ ಚಿಲಕ ಹಾಕುವ ಗಂಡಸು ಹಾಗೆಯೇ ಅಡುಗೆಮನೆಗೂ ಹೋಗಿ ರೆಗ್ಯುಲೇಟರ್ ಮುಚ್ಚಿ ಬರಲಿ. ಹನ್ನೆರಡು ದಾಟಿದ ಮಕ್ಕಳಿಗೂ ಅದನ್ನು ಕಲಿಸಲಿ. ಮಸೀದಿ ಕಮಿಟಿಗಳು ರಮಝಾನ್‌ಗೆ ಮುಂಚೆ ಒಂದು ಜುಮಾ ದಿನ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕನ್ನು ಕರೆಸಿ, ನಮಾಝ್ ಮುಗಿದ ಮೇಲೆ ಗಂಡಸರಿಗೇ ಇದನ್ನು ತೋರಿಸಿಕೊಟ್ಟರೆ ಹತ್ತು ನಿಮಿಷದ ಕೆಲಸ.

ಇಂಡಕ್ಷನ್ ತಂದರೆ ಈ ಚಿಂತೆಯೇ ಇಲ್ಲ ಎನ್ನುವವರಿದ್ದಾರೆ. ಅರ್ಧ ನಿಜ. ಸಹರಿಗೆ ಸಾರು ಬಿಸಿ ಮಾಡಲು, ಚಹಾ ಕಾಯಿಸಲು ಗ್ಯಾಸಿಗಿಂತ ಅದೇ ವಾಸಿ ಎಂದು ನಾನೂ ಹೇಳುತ್ತೇನೆ. ನಿದ್ದೆಗಣ್ಣಿನವರ ಮುಂದೆ ಜ್ವಾಲೆ ಇರುವುದಿಲ್ಲವಲ್ಲ. ಆದರೆ 2000 ವ್ಯಾಟ್‌ನ ಒಲೆ ಸುಮಾರು 9 ಆಂಪಿಯರ್ ಕರೆಂಟ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್‌ನ ದೊಡ್ಡ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕು. ಮೊಬೈಲ್ ಚಾರ್ಜರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ವಯರ್ ಕಾಯುತ್ತದೆ, ಪ್ಲಗ್ ಕರಗುತ್ತದೆ. ಒಲೆಯ ಅಡಿಯಲ್ಲಿ ಪೇಪರ್, ಬಟ್ಟೆ ಹಾಸಿದರೆ ಗಾಳಿಯ ದಾರಿ ಮುಚ್ಚುತ್ತದೆ. ಅಡುಗೆಯಾದ ಮೇಲೂ ಒಳಗಿನ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದೆ, ಅದು ನಿಂತ ಮೇಲೆ ಪ್ಲಗ್ ತೆಗೆಯಿರಿ. ಪಾತ್ರೆಯ ಶಾಖ ಗಾಜಿಗೂ ಹತ್ತಿರುತ್ತದೆ, ಮಗುವಿನ ಕೈಗೆ ಅದು ಗೊತ್ತಾಗದು. ತಳಕ್ಕೆ ಅಯಸ್ಕಾಂತ ಅಂಟದ ಪಾತ್ರೆ ಇದರಲ್ಲಿ ಕಾಯುವುದಿಲ್ಲ. ಹಾಗಾಗಿ ಬಿರಿಯಾನಿಯ ತಾಮ್ರದ ದೇಗ್ಚಿಗೆ ಇಲ್ಲಿ ಕೆಲಸವಿಲ್ಲ. (ದಮ್ ಹಾಕಲೆಂದು ಮುಚ್ಚಿದ ಫ್ಲ್ಯಾಟಿನೊಳಗೆ ಕೆಂಡ ಮಾಡುವುದೂ ಬೇಡ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ.) ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಇಂಡಕ್ಷನ್ ಬಳಿ ನಿಲ್ಲಬಾರದು.

ಇಫ್ತಾರ್ ಹೊತ್ತಿನ ಅಪಾಯ ಬೇರೆ. ಸಮೋಸದ ಎಣ್ಣೆ ಒಲೆಯ ಮೇಲಿದೆ, ಬಾಂಗ್‌ಗೆ ಐದು ನಿಮಿಷ ಉಳಿದಿದೆ, ಹೊರಗೆ ಅತಿಥಿಗಳು ಬಂದರೆಂದು ಆಕೆ ನೈಲಾನಿನ ದುಪಟ್ಟಾವನ್ನು ಗಡಿಬಿಡಿಯಲ್ಲಿ ತಲೆಗೆ ಎಳೆದುಕೊಳ್ಳುತ್ತಾಳೆ. ಅದರ ಸೆರಗು ಜ್ವಾಲೆಗೆ ತಾಗಿದರೆ ಸುಡುವುದಷ್ಟೇ ಅಲ್ಲ, ಕರಗಿ ಚರ್ಮಕ್ಕೆ ಅಂಟುತ್ತದೆ. ಅಡುಗೆಮನೆಯ ಬಾಗಿಲ ಹಿಂದೆ ಚಿಕ್ಕದೊಂದು ಹತ್ತಿಯ ಮಕನಾ ತೂಗುಹಾಕಿಟ್ಟರೆ ಪರ್ದಾವೂ ಆಯಿತು, ಕೆಲಸವೂ ಆಯಿತು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಬಾಣಲೆ ಎತ್ತಿಕೊಂಡು ಓಡಲೂಬೇಡಿ. ಒಲೆ ಆರಿಸಿ ಮುಚ್ಚಳ ಮುಚ್ಚಿ. ಮೈಯ ಬಟ್ಟೆಗೆ ಹತ್ತಿದರೆ ಓಡದೆ ನೆಲದ ಮೇಲೆ ಮಲಗಿ ಹೊರಳಬೇಕು.

ಸುಟ್ಟ ಗಾಯವನ್ನು ಹರಿಯುವ ನಲ್ಲಿ ನೀರಿನಲ್ಲಿ 20 ನಿಮಿಷ ಹಿಡಿಯಿರಿ. ಬಳೆ, ಉಂಗುರಗಳನ್ನು ಊದಿಕೊಳ್ಳುವ ಮುಂಚೆಯೇ ತೆಗೆಯಿರಿ. ಟೂತ್‌ಪೇಸ್ಟ್, ಅರಿಶಿನ, ಐಸ್ ಯಾವುದೂ ಬೇಡ. ಅಂಗೈಗಿಂತ ದೊಡ್ಡ ಗಾಯವಾದರೆ, ಅಥವಾ ಮುಖ, ಕೈಗಳು ಸುಟ್ಟಿದ್ದರೆ, ಉಪವಾಸ ಮುರಿಯುತ್ತದೆಂದು ಸಂಜೆಯವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ. ರೋಗಿಗೆ ಉಪವಾಸದಿಂದ ರಿಯಾಯಿತಿ ಕುರ್‌ಆನಿನಲ್ಲೇ ಇದೆ.