ಕಾಫಿ ಕ್ಯೂರಿಂಗ್ ಘಟಕಗಳು ಊರು ಬದಲಿಸುವುದೇಕೆ?

ಕಾಫಿ ಕ್ಯೂರಿಂಗ್ ಉದ್ಯಮ ಹಿಂದೆ ಮಂಗಳೂರಿನಲ್ಲಿ ನೆಲೆಸಿದ್ದುದು ಬಂದರಿನ ಅನುಕೂಲಕ್ಕಾಗಿ. ಬಯಲುಸೀಮೆಯ ಬಿಸಿಲು, ಕೊಡಗಿನ ರಸ್ತೆ ನಮ್ಮ ಹುಣಸೂರಿಗೂ ಅದನ್ನು ತಂದವು. 1996ರಲ್ಲಿ ಕಾಫಿ ಮಂಡಳಿಯ ಪೂಲ್ ಪದ್ಧತಿ ಪೂರ್ಣವಾಗಿ ಮುಗಿದ ಮೇಲೆ ಕುಶಾಲನಗರದ ಕೂಡ್ಲೂರಿನಲ್ಲಿ ಸಣ್ಣ, ಮಧ್ಯಮ ಘಟಕಗಳು ಸಾಲುಗಟ್ಟಿದವು. ರಿಯಾಯಿತಿಯ ಆಸೆಯೊಂದೇ ಕಾರಣವೆಂಬುದನ್ನು ನಾವು ಒಪ್ಪೆವು. 50 ಕಿಲೋ ಒಣ ಚೆರ್ರಿಯಲ್ಲಿ ಬೇಳೆ ಸುಮಾರು ಅರ್ಧ. ಉಳಿದ ಹೊಟ್ಟಿಗೂ ಲಾರಿ ಬಾಡಿಗೆ ತೆರಬೇಕು. ಮೇಲಾಗಿ, ಮಂಡಳಿಯ ಪರವಾಗಿ ಮೂಟೆ ಪಡೆಯುತ್ತಿದ್ದ ಕ್ಯೂರರ್ ಈಗ ಬೆಳೆಗಾರನನ್ನು ಹುಡುಕಿಕೊಂಡು ಬರಬೇಕಾಗಿದೆ. ಯಂತ್ರ ಲಾರಿಯೇರಿ ಹೋದೀತು. ಕಾಳು ಆರಿಸುವ ಹೆಂಗಸರು ಸಂಸಾರ ಬಿಟ್ಟು ಎಲ್ಲಿಗೆ ಹೋದಾರು?

ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಸದಸ್ಯರು ಮೂಟೆಗಳನ್ನು ಚದುರಿಸದೆ ಸಂಘದ ಮೂಲಕ ಒಟ್ಟಾಗಿ ಹುಣಸೂರಿಗೆ ಕೊಟ್ಟರೆ, ಔಟ್‌ಟರ್ನ್ ನಮ್ಮ ಕಣ್ಣೆದುರೇ ತೆಗೆಯಬೇಕೆಂದು ಕರಾರು ಹಾಕಬಹುದು. ಒಪ್ಪುವವರು ಕೊಯ್ಲಿಗೆ ಮುಂಚೆಯೇ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ.